ಶಾಲೆಯ ಕೆಲಸಕ್ಕೆ ವಾಟ್ಸ್‌ಆ್ಯಪ್ ಎಷ್ಟು ಒಗ್ಗುತ್ತದೆ? ಪ್ರೌಢಶಾಲಾ ಶಿಕ್ಷಕರೊಬ್ಬರ ವಿಮರ್ಶೆ

ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಮಕ್ಕಳಿಗೂ ಅವರ ಪೋಷಕರಿಗೂ ಸುದ್ದಿ ಮುಟ್ಟಿಸಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸಾಧನ ವಾಟ್ಸ್‌ಆ್ಯಪ್. ಇದು ಯಾವ ಶಾಲೆಯೂ ನಾಲ್ಕಾರು ಆ್ಯಪ್‌ಗಳನ್ನು ಪರೀಕ್ಷಿಸಿ ನೋಡಿ ಆರಿಸಿಕೊಂಡದ್ದಲ್ಲ. ಪೋಷಕರ ಫೋನಿನಲ್ಲಿ ಅದು ಮೊದಲೇ ಇತ್ತು, ಶಿಕ್ಷಕರ ಫೋನಿನಲ್ಲೂ ಇತ್ತು, ಯಾರಿಗೂ ಹೊಸದಾಗಿ ಏನನ್ನೂ ಕಲಿಸಬೇಕಾಗಿರಲಿಲ್ಲ. ಹಾಗಾಗಿ ಶಾಲೆಯೂ ಅದರೊಳಕ್ಕೆ ನಡೆದುಬಿಟ್ಟಿತು. ಮಲೆನಾಡಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತ, ಶಾಲೆಯ ಗುಂಪುಗಳ ಅಡ್ಮಿನ್ ಕೆಲಸವನ್ನೂ ಹೊತ್ತುಕೊಂಡಿರುವ ನಾನು, ಈ ಆ್ಯಪ್ ನಮ್ಮ ಕೆಲಸಕ್ಕೆ ನಿಜವಾಗಿ ಎಷ್ಟು ಒಗ್ಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಸೂಚನಾಫಲಕವಾಗಿ ಇದಕ್ಕಿಂತ ಉತ್ತಮವಾದದ್ದು ನಮ್ಮಂಥ ಶಾಲೆಗಳಿಗೆ ಸದ್ಯ ಇಲ್ಲ. ತರಗತಿಯಾಗಿ ಇದು ಕಳಪೆ. ಶಿಕ್ಷಕ ಮತ್ತು ವಿದ್ಯಾರ್ಥಿಯ ನಡುವಿನ ಖಾಸಗಿ ಮಾತುಕತೆಗೆ ಇದನ್ನು ಬಳಸಲೇಬಾರದು.

ಶಾಲಾ ಗುಂಪುಗಳು ಕೋವಿಡ್‌ಗೆ ಮೊದಲೂ ಅಲ್ಲೊಂದು ಇಲ್ಲೊಂದು ಇದ್ದವು. ಆದರೆ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಅವು ಅನಿವಾರ್ಯವಾದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದಾಗ ಅವುಗಳ ವೇಳಾಪಟ್ಟಿ ಮನೆಗಳಿಗೆ ತಲುಪಿದ್ದು ಈ ಗುಂಪುಗಳ ಮೂಲಕವೇ. ಅದೇ ವರ್ಷದ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆಯು, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ‘ವಿದ್ಯಾಗಮ’ ಕಾರ್ಯಕ್ರಮವನ್ನು ಆರಂಭಿಸಿದಾಗ, ಮನೆಯಲ್ಲಿ ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇದೆಯೇ, ಕೇವಲ ಮಾತನಾಡುವ ಫೋನ್ ಇದೆಯೇ, ಅಥವಾ ಏನೂ ಇಲ್ಲವೇ ಎಂಬುದರ ಮೇಲೆ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಳ್ಳುವಂತೆ ಶಿಕ್ಷಕರಿಗೆ ತಿಳಿಸಲಾಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಆ ಕಾರ್ಯಕ್ರಮ ನಿಂತಿತು, ಮರುವರ್ಷದ ಜನವರಿಯಲ್ಲಿ ಬದಲಾದ ರೂಪದಲ್ಲಿ ಮತ್ತೆ ಬಂತು. ಶಿಕ್ಷಕರು ಮನೆಮನೆಗೆ ಹೋಗಿ ಫೋನ್ ಯಾರದು, ಯಾವಾಗ ಮನೆಯಲ್ಲಿರುತ್ತದೆ, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಬರೆದುಕೊಂಡ ಆ ಪಟ್ಟಿಯೇ ನನ್ನ ದೃಷ್ಟಿಯಲ್ಲಿ ಆ ಅವಧಿಯ ಅತ್ಯಂತ ಉಪಯುಕ್ತ ದಾಖಲೆ. ಇಂದಿಗೂ ಯಾವ ಆ್ಯಪ್ ಒಳ್ಳೆಯದು ಎಂಬ ಚರ್ಚೆಗೆ ಮುನ್ನ ಆ ಪ್ರಶ್ನೆಗಳನ್ನೇ ಕೇಳಬೇಕಾಗಿದೆ.

ಏಕೆಂದರೆ ‘ವಿದ್ಯಾರ್ಥಿಗೆ ಸಂದೇಶ ಕಳಿಸಿದೆ’ ಎಂದು ನಾವು ಹೇಳುವಾಗ ಆ ಸಂದೇಶ ವಿದ್ಯಾರ್ಥಿಗೆ ಹೋಗಿರುವುದಿಲ್ಲ. ಅದು ಹೋಗಿರುವುದು ಅಪ್ಪನ ಮೊಬೈಲಿಗೆ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣನ ಮೊಬೈಲಿಗೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಅಪ್ಪ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಫೋನ್ ಅವರ ಜೇಬಿನಲ್ಲೇ ಹೋಗುತ್ತದೆ. ಲಾರಿ ಓಡಿಸುವವರಾದರೆ ಅದು ವಾರಗಟ್ಟಲೆ ಮನೆಗೆ ಬರುವುದಿಲ್ಲ. ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ದಾಖಲಾಗಿರುವ ಮೊಬೈಲ್ ಸಂಖ್ಯೆ ಒಂದು, ರೀಚಾರ್ಜ್ ಆಗಿ ಓಡುತ್ತಿರುವ ಸಂಖ್ಯೆ ಮತ್ತೊಂದು ಎಂಬುದು ಪ್ರತಿ ಜೂನ್‌ನಲ್ಲಿ ಎದುರಾಗುವ ಸಂಗತಿ. ದಾಖಲಾತಿಯ ದಿನವೇ ತಾಯಿಯ ಸಂಖ್ಯೆಯನ್ನು ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳುವ ಪದ್ಧತಿಯನ್ನು ನಾವು ಆರಂಭಿಸಿದ ಮೇಲೆ ಸಂದೇಶಗಳು ಮಕ್ಕಳವರೆಗೆ ತಲುಪುವ ಪ್ರಮಾಣ ಗಮನಿಸುವಷ್ಟು ಹೆಚ್ಚಿತು. ಆ್ಯಪ್‌ನ ಯಾವ ಹೊಸ ಸೌಲಭ್ಯವೂ ನಮಗೆ ಇಷ್ಟು ಲಾಭ ಕೊಟ್ಟಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಇನ್ನು ಆ್ಯಪ್‌ನ ವಿಷಯ. ಎಲ್ಲ ಸದಸ್ಯರೂ ಬರೆಯಬಹುದಾದ ತೆರೆದ ಗುಂಪು ಶಾಲೆಗೆ ಸರಿಹೊಂದುವುದಿಲ್ಲ. ಬೆಳಿಗ್ಗೆ ಐದೂವರೆಗೆ ಸೂರ್ಯ, ಗುಲಾಬಿ ಮತ್ತು ಸುಭಾಷಿತದ ಚಿತ್ರಗಳು ಆರಂಭವಾಗುತ್ತವೆ. ಏಕಾದಶಿ, ಅಮಾವಾಸ್ಯೆ, ಹುಟ್ಟುಹಬ್ಬ ಯಾವುದನ್ನೂ ಬಿಡುವುದಿಲ್ಲ. ಚುನಾವಣೆ ಬಂದರೆ ಕೇಳುವುದೇ ಬೇಡ. ನಡುವೆ ಮುಖ್ಯಶಿಕ್ಷಕರು ‘ನಾಳೆ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ’ ಎಂದು ಬರೆದರೆ ಅದು ಸಂತೆಯ ನಡುವೆ ಪಿಸುಮಾತಿನಲ್ಲಿ ಡಂಗುರ ಸಾರಿದಂತಾಗುತ್ತದೆ, ಏಕೆಂದರೆ ಅದರ ಕೆಳಗೆ ಆಗಲೇ ನಲವತ್ತು ಮಂದಿ ‘ಓಕೆ ಸರ್’ ಎಂದೂ ಇಪ್ಪತ್ತು ಮಂದಿ ಕೈಮುಗಿದ ಚಿತ್ರವನ್ನೂ ಹಾಕಿರುತ್ತಾರೆ. ಸಂಜೆ ಫೋನ್ ಕೈಗೆ ಸಿಕ್ಕಿದ ಮಗುವಿಗೆ ಕಾಣುವುದು ಆ ಕೈಮುಗಿದ ಚಿತ್ರಗಳೇ ಹೊರತು ಮೂಲ ಸೂಚನೆಯಲ್ಲ. ಪೋಷಕರು ‘ಓಕೆ ಸರ್’ ಎನ್ನುವುದು ಮರ್ಯಾದೆಯಿಂದ, ಅದರಲ್ಲಿ ಅವರ ದೋಷವೇನೂ ಇಲ್ಲ. ಶಿಕ್ಷಕರು ಹೇಳಿದ್ದಕ್ಕೆ ಉತ್ತರ ಕೊಡದೆ ಸುಮ್ಮನಿರುವುದು ನಮ್ಮ ಕಡೆ ಸರಿಯಾದ ನಡತೆಯಲ್ಲ. ದೋಷವಿರುವುದು ಗುಂಪಿನ ರಚನೆಯಲ್ಲಿ.

ಇದಕ್ಕೆ ಪರಿಹಾರ 2018ರಿಂದಲೇ ಇದೆ. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದಾದ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್ ಆ ವರ್ಷ ಗುಂಪುಗಳಿಗೆ ಒದಗಿಸಿತು. ಗುಂಪಿನ ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಗುಂಡಿಯನ್ನು ಬದಲಿಸಿದರೆ ಮುಗಿಯುವ ಈ ಕೆಲಸವನ್ನು ಇನ್ನೂ ಮಾಡಿಕೊಳ್ಳದ ಶಾಲೆಗಳು ಸಾಕಷ್ಟಿವೆ. ಕೇಳಿದರೆ ಪೋಷಕರಿಗೆ ಬೇಸರವಾದೀತು ಎಂಬ ಉತ್ತರ ಬರುತ್ತದೆ. ನಮ್ಮಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯವಿಟ್ಟು ನಿರ್ಣಯ ಬರೆಸಿಕೊಂಡ ಮೇಲೆ ಬದಲಿಸಿದೆವು, ಯಾರೂ ಬೇಸರಪಡಲಿಲ್ಲ. ಬದಲಿಗೆ, ಗುಂಪಿನ ಶಬ್ದವನ್ನು ನಿಲ್ಲಿಸಿಟ್ಟಿದ್ದ ಹಲವರು ಅದನ್ನು ಮತ್ತೆ ತೆರೆದರು.

ಸದ್ದು ನಿಂತ ಮೇಲೆ ಎದ್ದು ಕಾಣುವುದು ನಾವು ಬರೆಯುವ ಭಾಷೆ. ಇಲಾಖೆಯಿಂದ ಬಂದ ಸುತ್ತೋಲೆಯ ಪಿಡಿಎಫ್ ಅನ್ನು ಹಾಗೆಯೇ ಮುಂದಕ್ಕೆ ತಳ್ಳಿ ‘ಎಲ್ಲರೂ ಗಮನಿಸಿ’ ಎಂದು ಬರೆಯುವ ರೂಢಿ ನಮ್ಮಲ್ಲಿ ಗಾಢವಾಗಿ ಬೇರೂರಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದನ್ವಯ’ ಎಂದು ಆರಂಭವಾಗುವ ಮೂರು ಪುಟಗಳಲ್ಲಿ ಪೋಷಕರಿಗೆ ಬೇಕಾದ ಒಂದು ಸಾಲು ಎರಡನೆಯ ಪುಟದ ಕೆಳಗೆಲ್ಲೋ ಇರುತ್ತದೆ. ಅದರ ಬದಲು ‘9ನೇ ತರಗತಿ ಪೋಷಕರಿಗೆ: ನಾಳೆ ಶನಿವಾರ ಶಾಲೆ ಬೆಳಿಗ್ಗೆಯೇ ಆರಂಭ, ಮಧ್ಯಾಹ್ನ ಬಿಡುಗಡೆ. ಬಿಸಿಯೂಟ ಇದೆ. ಆಧಾರ್ ಜೆರಾಕ್ಸ್ ಒಂದು ಪ್ರತಿ ಕಳಿಸಿ’ ಎಂದು ಬರೆದರೆ ಫೋನ್ ತೆರೆಯದೆ ಪರದೆಯ ಮೇಲೆ ಬಂದ ಸೂಚನೆಯಲ್ಲೇ ಅರ್ಧ ವಿಷಯ ತಿಳಿಯುತ್ತದೆ. ತರಗತಿ ಮೊದಲು, ದಿನ ಆಮೇಲೆ, ಮಾಡಬೇಕಾದದ್ದು ಕೊನೆಗೆ ಎಂಬ ಕ್ರಮವನ್ನು ನಮ್ಮ ಶಾಲೆಯಲ್ಲಿ ಈಗ ಎಲ್ಲರೂ ಪಾಲಿಸುತ್ತಿದ್ದೇವೆ. ದಿನಾಂಕವೋ ವಾರವೋ ತಪ್ಪಾಗಿ ಹೋದರೆ ಕಳಿಸಿದ 15 ನಿಮಿಷದೊಳಗೆ ತಿದ್ದುವ ಸೌಲಭ್ಯ 2023ರಿಂದ ಇದೆ. ಆ ಅವಧಿ ಮೀರಿದರೆ ಮೂಲ ಸಂದೇಶವನ್ನು ಅಳಿಸಿ ಹೊಸದನ್ನು ಹಾಕುವುದೇ ಸರಿ. ‘ಮೇಲಿನ ಸಂದೇಶದಲ್ಲಿ ತಪ್ಪಾಗಿದೆ’ ಎಂಬ ಎರಡನೆಯ ಸಂದೇಶ ಹಾಕಿದರೆ ಕೆಲವರು ಮೊದಲನೆಯದನ್ನೂ ಕೆಲವರು ಎರಡನೆಯದನ್ನೂ ನಂಬಿಕೊಂಡಿರುತ್ತಾರೆ.

ವಾಟ್ಸ್‌ಆ್ಯಪ್ ತನ್ನ ಬೆಲೆಯನ್ನು ತೋರಿಸುವುದು ಮಳೆಗಾಲದಲ್ಲಿ. ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಜುಲೈ ತಿಂಗಳೆಂದರೆ ಜಿಲ್ಲಾಧಿಕಾರಿಗಳ ರಜೆ ಆದೇಶಕ್ಕೆ ಕಾಯುವ ತಿಂಗಳು. ಆದೇಶ ರಾತ್ರಿ ಹತ್ತಕ್ಕೂ ಬರಬಹುದು, ಬೆಳಿಗ್ಗೆ ಮಕ್ಕಳು ಬಸ್ಸಿಗೆ ಹೊರಟ ಹೊತ್ತಿಗೂ ಬರಬಹುದು. ಜಿಲ್ಲೆಗೆಲ್ಲ ಅನ್ವಯಿಸಬಹುದು, ಕೆಲವೇ ತಾಲ್ಲೂಕುಗಳಿಗೂ ಇರಬಹುದು. ಈ ಗೊಂದಲದಲ್ಲಿ ಹಿಂದಿನ ವರ್ಷದ ಆದೇಶದ ಫೋಟೋದಲ್ಲಿ ದಿನಾಂಕವಿರುವ ಮೇಲಿನ ಅಂಚನ್ನು ಕತ್ತರಿಸಿ ಹರಿಯಬಿಡುವ ಪುಣ್ಯಾತ್ಮರು ಪ್ರತಿ ಮಳೆಗಾಲದಲ್ಲೂ ಹುಟ್ಟಿಕೊಳ್ಳುತ್ತಾರೆ. ಹತ್ತನೇ ತರಗತಿಯ ಹುಡುಗರಿಗೆ ಈ ಕಲೆ ಚೆನ್ನಾಗಿ ಗೊತ್ತು. ಮುದ್ರೆ, ಸಹಿ, ಕಚೇರಿಯ ಹೆಸರು ಎಲ್ಲವೂ ಅಸಲಿಯೇ ಆಗಿರುವುದರಿಂದ ಪೋಷಕರು ನಂಬುತ್ತಾರೆ. ಅಡ್ಮಿನ್ ಮಾತ್ರ ಬರೆಯಬಹುದಾದ ಗುಂಪಿನಲ್ಲಿ ಮುಖ್ಯಶಿಕ್ಷಕರ ಒಂದು ಸಾಲು ಇದ್ದರೆ ಈ ಗೊಂದಲವೆಲ್ಲ ತೀರುತ್ತದೆ. ಆದರೆ ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ‘ನಾಳೆ ರಜೆ ಇದೆ’ ಎಂದು ತಿಳಿಸುವುದನ್ನು ಎಲ್ಲ ಶಾಲೆಗಳೂ ಮಾಡುತ್ತವೆ; ‘ನಾಳೆ ರಜೆ ಇಲ್ಲ, ಶಾಲೆ ಎಂದಿನಂತೆ ನಡೆಯುತ್ತದೆ’ ಎಂದು ಬರೆಯುವ ಅಭ್ಯಾಸವೇ ಇಲ್ಲ. ಜೋರು ಮಳೆಯ ರಾತ್ರಿಗಳಲ್ಲಿ ಪೋಷಕರಿಗೆ ಹೆಚ್ಚು ಬೇಕಾಗುವುದು ಈ ಎರಡನೆಯ ಸಾಲೇ, ಏಕೆಂದರೆ ಮೌನವನ್ನು ಒಬ್ಬೊಬ್ಬರು ಒಂದೊಂದು ರೀತಿ ಓದಿಕೊಳ್ಳುತ್ತಾರೆ. ನಾವು ಈಗ ರಾತ್ರಿ ಒಂಬತ್ತಕ್ಕೆ ಇದ್ದ ಸ್ಥಿತಿಯನ್ನು ಇದ್ದಂತೆ ಬರೆಯುತ್ತೇವೆ, ಬೆಳಿಗ್ಗೆ ಬದಲಾದರೆ ಮತ್ತೆ ಬರೆಯುತ್ತೇವೆ.

ಧ್ವನಿ ಸಂದೇಶದ ಬಗ್ಗೆ ನಾನು ಎಷ್ಟು ಹೊಗಳಿದರೂ ಕಡಿಮೆಯೇ. ನಮ್ಮ ಪೋಷಕರಲ್ಲಿ ಓದಲು ಬಾರದವರಿದ್ದಾರೆ, ಓದಲು ಬಂದರೂ ಚಿಕ್ಕ ಪರದೆಯ ಮೇಲಿನ ಅಕ್ಷರ ಕಾಣದ ಅಜ್ಜ ಅಜ್ಜಿಯರಿದ್ದಾರೆ, ಕನ್ನಡಕ್ಕಿಂತ ಮನೆಯಲ್ಲಿ ಕೊಂಕಣಿಯನ್ನೋ ಬ್ಯಾರಿಯನ್ನೋ ಲಂಬಾಣಿಯನ್ನೋ ಆಡುವವರಿದ್ದಾರೆ. ಲಿಖಿತ ಸೂಚನೆಯ ಕೆಳಗೆ ಅದೇ ವಿಷಯವನ್ನು ಅರ್ಧ ನಿಮಿಷದಲ್ಲಿ ಮಾತಿನಲ್ಲಿ ಹೇಳಿದರೆ ಅದು ತಲುಪುವ ರೀತಿಯೇ ಬೇರೆ. ಯಾರ ದನಿ ಎಂಬುದನ್ನು ಕೇಳುವವರು ಗುರುತಿಸುತ್ತಾರೆ, ನಕಲಿ ಸಂದೇಶವಲ್ಲ ಎಂಬ ಭರವಸೆಯೂ ಅದರಲ್ಲೇ ಬರುತ್ತದೆ. ಲೆಕ್ಕದ ಮೇಷ್ಟರು ರೇಖಾಗಣಿತದ ರಚನೆಯ ಹಂತಗಳನ್ನು ಹೇಳುವಾಗ, ಕನ್ನಡದ ಮೇಡಂ ಹಳಗನ್ನಡ ಪದ್ಯವೊಂದನ್ನು ಗಮಕದಲ್ಲಿ ಓದಿ ಕಳಿಸುವಾಗ ಮಕ್ಕಳು ಅದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಾರೆ. ಪದ್ಯದ ಪದವಿಭಾಗ ತಿಳಿಯದೆ ತಡವರಿಸುತ್ತಿದ್ದ ಹುಡುಗಿಯೊಬ್ಬಳು ಎರಡು ಸಂಜೆ ಅದನ್ನು ಕೇಳಿಕೊಂಡು ಬಂದು ತರಗತಿಯಲ್ಲಿ ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿ ಓದಿದಳು. ಕಳಿಸುವವರು ಒಂದು ನಿಮಿಷದೊಳಗೆ ಮುಗಿಸಬೇಕು ಎಂಬುದೊಂದೇ ನಿಯಮ. ಐದು ನಿಮಿಷದ ಧ್ವನಿ ಸಂದೇಶವನ್ನು ಯಾರೂ ಕೊನೆಯವರೆಗೆ ಕೇಳುವುದಿಲ್ಲ, ನಮ್ಮ ಸಹೋದ್ಯೋಗಿಗಳೂ ಸೇರಿದಂತೆ.

ಈಗ ಗಂಭೀರವಾದ ಕೊರತೆಗೆ ಬರೋಣ. ಸಾಮಾನ್ಯ ಗುಂಪಿನಲ್ಲಿ ಪ್ರತಿಯೊಬ್ಬ ಸದಸ್ಯರ ಮೊಬೈಲ್ ಸಂಖ್ಯೆಯೂ ಉಳಿದೆಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಮತ್ತು ಅವರ ತಾಯಂದಿರ ಸಂಖ್ಯೆಗಳನ್ನು ನೂರಾರು ಅಪರಿಚಿತರ ಕೈಗೆ ಕೊಟ್ಟಂತೆಯೇ ಇದು. ಪ್ರೊಫೈಲ್ ಚಿತ್ರವೂ ಎಲ್ಲರಿಗೆ ಕಾಣುವಂತಿದ್ದರೆ ಸಂಖ್ಯೆಯ ಜತೆಗೆ ಮುಖವೂ ಹೋಗುತ್ತದೆ. ಬೇರೊಂದು ಊರಿನ ಶಾಲೆಯ ಗುಂಪಿನಿಂದ ಸಂಖ್ಯೆ ತೆಗೆದುಕೊಂಡು ವಿದ್ಯಾರ್ಥಿನಿಯೊಬ್ಬಳಿಗೆ ರಾತ್ರಿ ಹೊತ್ತು ಕರೆ ಮಾಡುತ್ತಿದ್ದ ಪ್ರಕರಣವೊಂದನ್ನು ನಾನು ಬಲ್ಲೆ. ಆ ಮನೆಯವರು ಕೊನೆಗೆ ಸಿಮ್ ಬದಲಿಸಿದರು, ಹುಡುಗಿಗೆ ಫೋನ್ ಮುಟ್ಟುವುದೇ ನಿಷಿದ್ಧವಾಯಿತು, ಅಂದರೆ ತಪ್ಪು ಮಾಡದವಳಿಗೇ ಶಿಕ್ಷೆಯಾಯಿತು. ಸಾಧನವನ್ನು ಆಯುವಾಗ ಶಾಲೆ ಮೊದಲು ನೋಡಬೇಕಾದ ಅಂಶ ಇದು, ಆದರೆ ನಾವು ಸಾಮಾನ್ಯವಾಗಿ ನೋಡುವುದು ಕೊನೆಗೆ.

2022ರ ನವೆಂಬರ್‌ನಲ್ಲಿ ಬಂದ ‘ಕಮ್ಯುನಿಟಿ’ ಸೌಲಭ್ಯ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ಇಡೀ ಶಾಲೆಯನ್ನು ಒಂದು ಕಮ್ಯುನಿಟಿಯಾಗಿ ಮಾಡಿ, ಅದರೊಳಗೆ 8, 9, 10ನೇ ತರಗತಿಗಳ ಗುಂಪುಗಳನ್ನು ಇಟ್ಟರೆ, ಎಲ್ಲರಿಗೂ ಸಲ್ಲುವ ಸೂಚನೆಗಳಿಗೆ ಪ್ರಕಟಣೆಯ ಒಂದು ವಿಭಾಗ ತಾನಾಗಿಯೇ ಸಿಗುತ್ತದೆ. ಅಲ್ಲಿ ಸದಸ್ಯರ ಮೊಬೈಲ್ ಸಂಖ್ಯೆ ಅಡ್ಮಿನ್‌ಗಳಿಗೆ ಮತ್ತು ಅದನ್ನು ಮೊದಲೇ ಉಳಿಸಿಕೊಂಡಿರುವವರಿಗೆ ಬಿಟ್ಟು ಇತರರಿಗೆ ಕಾಣುವುದಿಲ್ಲ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ: ಒಳಗಿನ ತರಗತಿ ಗುಂಪುಗಳಿಗೆ ಸೇರಿದೊಡನೆ ಆ ಗುಂಪಿನವರಿಗೆ ಸಂಖ್ಯೆ ಮತ್ತೆ ಕಾಣತೊಡಗುತ್ತದೆ. ಆದ್ದರಿಂದ ತರಗತಿಗೊಂದರಂತೆ ಗುಂಪು ಮಾಡಿ ಎಲ್ಲರನ್ನೂ ಸೇರಿಸುವುದಕ್ಕಿಂತ ಪ್ರಕಟಣೆಯ ವಿಭಾಗವನ್ನೇ ಮುಖ್ಯವಾಗಿ ಬಳಸಿ, ಸಂದೇಶದ ಮೊದಲ ಪದದಲ್ಲೇ ತರಗತಿಯನ್ನು ಸೂಚಿಸುವುದು ಹೆಚ್ಚು ಸುರಕ್ಷಿತ ಎಂದು ನನಗನ್ನಿಸಿದೆ. ಮೂರು ತರಗತಿಗಳ ಶಾಲೆಗೆ ಇದು ನಡೆಯುತ್ತದೆ; ಒಂದನೆಯಿಂದ ಹನ್ನೆರಡನೆಯವರೆಗೆ ಇರುವ ದೊಡ್ಡ ಸಂಸ್ಥೆಗೆ ನಡೆಯಲಾರದು.

ಇನ್ನೊಂದು ದಾರಿ, ಒಂದೇ ಸಂದೇಶವನ್ನು ಹಲವರಿಗೆ ಒಮ್ಮೆಗೇ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ. ಅದರಲ್ಲಿ ಸಂಖ್ಯೆಗಳು ಪರಸ್ಪರ ಕಾಣುವುದಿಲ್ಲ, ಸಂದೇಶ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಬಂದಂತೆ ತೋರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕಳಿಸುವವರ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ. ಶಿಕ್ಷಕರ ವರ್ಗಾವಣೆಯಾದರೆ ಇಡೀ ಪಟ್ಟಿ ವ್ಯರ್ಥ. ಒಬ್ಬರು ಬರೆದು ಬೇಕಾದವರು ಹಿಂಬಾಲಿಸಿ ಓದುವ ಚಾನೆಲ್‌ಗಳು ಭಾರತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಬಂದವು. ಅವು ಹಳೆಯ ವಿದ್ಯಾರ್ಥಿಗಳಿಗೆ ಶಾಲೆಯ ಸುದ್ದಿ ತಿಳಿಸಲು, ವಾರ್ಷಿಕೋತ್ಸವಕ್ಕೆ ಕರೆಯಲು ಆಗಬಹುದು, ಅಷ್ಟೆ.

ಯಾರು ಓದಿದರು ಎಂಬುದನ್ನು ತಿಳಿಯುವ ವ್ಯವಸ್ಥೆ ಶಾಲೆಗೆ ತುಂಬಾ ಉಪಕಾರಿ. ಓದಿದ್ದನ್ನು ತೋರಿಸುವ ನೀಲಿ ಗುರುತನ್ನು ನಿಲ್ಲಿಸಿಟ್ಟುಕೊಂಡವರಿಗೂ ಗುಂಪಿನಲ್ಲಿ ಅದನ್ನು ಮರೆಮಾಡಲಾಗುವುದಿಲ್ಲವಾದ್ದರಿಂದ, ನಾವು ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ‘ಮಾಹಿತಿ’ ನೋಡಿದರೆ ಯಾರಿಗೆ ತಲುಪಿದೆ, ಯಾರು ತೆರೆದಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಎಸ್‌ಎಸ್‌ಎಲ್‌ಸಿ ನೋಂದಣಿಯ ವಿವರಗಳನ್ನು, ಹೆಸರಿನ ಕಾಗುಣಿತವನ್ನು, ಜನ್ಮದಿನಾಂಕವನ್ನು ಪರಿಶೀಲಿಸಿ ತಿಳಿಸಿ ಎಂದು ಬರೆದ ದಿನ ಈ ಪಟ್ಟಿಯನ್ನು ಹಿಡಿದು ಕುಳಿತು, ತೆರೆಯದವರಿಗೆ ಮಾತ್ರ ಕರೆ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ತೆರೆದವರೆಲ್ಲ ಓದಿದ್ದಾರೆ ಎಂದು ಮಾತ್ರ ತಿಳಿಯಬಾರದು. ಎರಡನೇ ತರಗತಿಯ ತಂಗಿ ಆಟವಾಡುತ್ತ ಬೆರಳಿಟ್ಟರೂ ಗುರುತು ನೀಲಿಯಾಗುತ್ತದೆ. ಮುಖ್ಯ ಸಂದೇಶವನ್ನು 24 ಗಂಟೆ, 7 ದಿನ ಅಥವಾ 30 ದಿನ ಗುಂಪಿನ ತುದಿಯಲ್ಲಿ ಅಂಟಿಸಿಡುವ ಸೌಲಭ್ಯವನ್ನು ಪರೀಕ್ಷಾ ವೇಳಾಪಟ್ಟಿಗೆ ಬಳಸುತ್ತೇವೆ, ಅದು ಸೊಗಸಾಗಿದೆ.

ಮನೆಗೆಲಸದ ವಿಷಯದಲ್ಲಿ ನನಗೆ ಒಳ್ಳೆಯ ಮಾತಿಲ್ಲ. ಕಪ್ಪುಹಲಗೆಯ ಫೋಟೋ ತೆಗೆದು ಕಳಿಸುವುದು, ಮಕ್ಕಳು ನೋಟ್‌ಬುಕ್ಕಿನ ಹಾಳೆಗಳ ಫೋಟೋ ತೆಗೆದು ಹಿಂತಿರುಗಿಸುವುದು, ಅದನ್ನು ಶಿಕ್ಷಕರು ಹಿಗ್ಗಿಸಿ ಹಿಗ್ಗಿಸಿ ನೋಡಿ ‘ಗುಡ್’ ಎಂದು ಬರೆಯುವುದು, ಇದೆಲ್ಲ 2020ರಲ್ಲಿ ಬೇರೆ ದಾರಿಯಿಲ್ಲದೆ ಮಾಡಿದ ಕೆಲಸ. ಶಾಲೆ ಬಾಗಿಲು ತೆರೆದಿರುವಾಗಲೂ ಅದನ್ನೇ ಮುಂದುವರಿಸುವುದಕ್ಕೆ ಅರ್ಥವಿಲ್ಲ. ಯಾರು ಸಲ್ಲಿಸಿದರು, ಯಾರದು ಬಾಕಿ, ಯಾರಿಗೆ ಎಷ್ಟು ಅಂಕ ಎಂಬುದನ್ನು ಜೋಡಿಸಿಕೊಡುವ ಯಾವ ಏರ್ಪಾಟೂ ಇದರಲ್ಲಿಲ್ಲ. ಜೊತೆಗೆ 32 ಜಿಬಿ ಜಾಗದ ಹಳೆಯ ಫೋನುಗಳು ಈ ಫೋಟೋ, ವಿಡಿಯೊಗಳಿಂದ ಬೇಗ ತುಂಬಿಹೋಗುತ್ತವೆ. ಒಮ್ಮೆ ಫೋನ್ ತುಂಬಿದರೆ ಅಪ್ಪ ಮೊದಲು ಅಳಿಸುವುದು ಶಾಲೆಯ ಗುಂಪನ್ನೇ ಹೊರತು ಮದುವೆಯ ಫೋಟೋಗಳನ್ನಲ್ಲ. ಚಿತ್ರ, ವಿಡಿಯೊಗಳು ತಾವಾಗಿಯೇ ಡೌನ್‌ಲೋಡ್ ಆಗದಂತೆ ಮಾಡಿಕೊಳ್ಳುವುದು ಹೇಗೆಂದು ಪೋಷಕರ ಸಭೆಯಲ್ಲಿ ಒಬ್ಬ ವಿದ್ಯಾರ್ಥಿಯ ಕೈಯಿಂದಲೇ ತೋರಿಸಿದ್ದು ಉಪಯೋಗಕ್ಕೆ ಬಂತು. ಇನ್ನೊಂದು ಹೊಸ ಸಂಗತಿಯೆಂದರೆ, 2024ರಿಂದ ಇದೇ ಆ್ಯಪ್‌ನೊಳಗೆ ಕುಳಿತಿರುವ, ಕೇಳಿದ್ದನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಹಾಯಕ ಮೆಟಾ ಎಐ. ಪ್ರಬಂಧ ಬರೆದುಕೊಂಡು ಬನ್ನಿ ಎಂದು ಗುಂಪಿನಲ್ಲಿ ಹಾಕಿದರೆ, ಅದೇ ಪರದೆಯ ಇನ್ನೊಂದು ಮೂಲೆಯಲ್ಲಿ ಪ್ರಬಂಧ ಸಿದ್ಧವಾಗಿ ಸಿಗುತ್ತದೆ ಎಂಬುದನ್ನು ನಾವು ನೆನಪಿಡಬೇಕು.

ವಿದ್ಯಾರ್ಥಿಯೊಂದಿಗೆ ನೇರ ಖಾಸಗಿ ಸಂದೇಶದ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟಾದದ್ದು, ಅದಕ್ಕೆ ಕಾರಣಗಳೂ ಇವೆ. ವಾಟ್ಸ್‌ಆ್ಯಪ್‌ನ ಸಂದೇಶಗಳನ್ನು ಕಳಿಸಿದವರು ಮತ್ತು ಪಡೆದವರು ಬಿಟ್ಟು ಮೂರನೆಯವರು ಓದಲಾಗದಂತೆ ಗೂಢಲಿಪೀಕರಿಸಲಾಗುತ್ತದೆ. 2016ರಿಂದ ಎಲ್ಲ ಸಂಭಾಷಣೆಗಳಿಗೂ ಇದು ಅನ್ವಯಿಸುತ್ತದೆ. ಖಾಸಗಿ ಬದುಕಿಗೆ ಇದು ದೊಡ್ಡ ರಕ್ಷಣೆ. ಆದರೆ ಶಾಲೆಯಲ್ಲಿ ವಯಸ್ಕರೊಬ್ಬರು ಹದಿನಾಲ್ಕು ವರ್ಷದ ಮಗುವಿನೊಂದಿಗೆ ಏನು ಮಾತಾಡಿದರು ಎಂಬುದನ್ನು ಮುಖ್ಯಶಿಕ್ಷಕರಾಗಲಿ ಪೋಷಕರಾಗಲಿ ನೋಡಲು ಯಾವ ದಾರಿಯೂ ಉಳಿಯುವುದಿಲ್ಲ ಎಂಬುದೂ ಅದರದೇ ಪರಿಣಾಮ. ತಾನಾಗಿಯೇ ಮಾಯವಾಗುವ ಸಂದೇಶಗಳು, ಎರಡು ದಿನಕ್ಕೂ ಹೆಚ್ಚು ಕಾಲ ಎಲ್ಲರ ಫೋನಿನಿಂದ ಅಳಿಸಲು ಸಿಗುವ ಅವಕಾಶ ಇವೆಲ್ಲ ಸೇರಿದರೆ ನಾಳೆ ದೂರು ಬಂದಾಗ ಮಗುವಿನ ಪರವಾಗಿಯೂ ಸಾಕ್ಷ್ಯವಿಲ್ಲ, ನಿರಪರಾಧಿ ಶಿಕ್ಷಕರ ಪರವಾಗಿಯೂ ಸಾಕ್ಷ್ಯವಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯು ಲೈಂಗಿಕ ಉದ್ದೇಶದಿಂದ ಮಗುವನ್ನು ಡಿಜಿಟಲ್ ಸಾಧನಗಳ ಮೂಲಕ ಪದೇ ಪದೇ ಸಂಪರ್ಕಿಸುವುದನ್ನೂ ಲೈಂಗಿಕ ಕಿರುಕುಳವೆಂದೇ ಪರಿಗಣಿಸುತ್ತದೆ ಎಂಬುದು ಎಲ್ಲ ಶಿಕ್ಷಕರಿಗೂ ತಿಳಿದಿರಬೇಕು. ನಮ್ಮ ಶಾಲೆಯ ನಿಯಮ ಸರಳ: ಮಗುವಿನಿಂದ ವೈಯಕ್ತಿಕವಾಗಿ ಸಂದೇಶ ಬಂದರೆ ಉತ್ತರವನ್ನು ಪೋಷಕರ ಸಂಖ್ಯೆಗೆ ಕಳಿಸಬೇಕು, ಇಲ್ಲವೇ ಮರುದಿನ ತರಗತಿಯಲ್ಲಿ ಹೇಳಬೇಕು, ಮಗು ಸಂಕಟದಲ್ಲಿದೆ ಎಂಬ ಸುಳಿವಿದ್ದರೆ ತಕ್ಷಣ ಕರೆ ಮಾಡಿ, ಮುಖ್ಯಶಿಕ್ಷಕರಿಗೂ ತಿಳಿಸಬೇಕು. 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಕಮ್ಯುನಿಟಿಯ ವಿವರಣೆಯ ಜಾಗದಲ್ಲಿ ಶಾಶ್ವತವಾಗಿ ಬರೆದಿಟ್ಟಿದ್ದೇವೆ.

ಕಾನೂನಿನ ವಿಷಯಕ್ಕೆ ಬಂದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹೊಣೆಗಾರಿಕೆಗಳು ಹಂತಹಂತವಾಗಿ ಜಾರಿಗೆ ಬರುತ್ತಿವೆ. ವಾಟ್ಸ್‌ಆ್ಯಪ್ ತನ್ನ ಬಳಕೆದಾರರಿಗೆ ನಿಗದಿಪಡಿಸಿರುವ ಕನಿಷ್ಠ ವಯಸ್ಸು 13. ಹಾಗಾದರೆ ಎಂಟನೇ ತರಗತಿಗೆ ಸೇರುವ ಕೆಲವು ಮಕ್ಕಳು ಆ ಮಿತಿಗೂ ಒಳಗಿರುತ್ತಾರೆ. ಮಕ್ಕಳ ಸ್ವಂತ ಸಂಖ್ಯೆಯನ್ನು ಗುಂಪಿಗೆ ಸೇರಿಸದೆ ಪೋಷಕರ ಸಂಖ್ಯೆಯನ್ನಷ್ಟೇ ಸೇರಿಸುವುದು, ಅದಕ್ಕೂ ದಾಖಲಾತಿ ಅರ್ಜಿಯಲ್ಲೇ ಒಂದು ಸಾಲಿನ ಒಪ್ಪಿಗೆಯನ್ನು ಸಹಿ ಸಮೇತ ಪಡೆಯುವುದು ನಮ್ಮಂಥವರಿಗೆ ಸಾಧ್ಯವಿರುವ ಸರಳ ಎಚ್ಚರಿಕೆ. ಹಾಗೆಯೇ ಅಂಕಪಟ್ಟಿಯನ್ನಾಗಲಿ, ಶುಲ್ಕ ಬಾಕಿಯಿರುವವರ ಹೆಸರನ್ನಾಗಲಿ, ಜಾತಿ ಪ್ರಮಾಣಪತ್ರ ಕೊಡದವರ ಪಟ್ಟಿಯನ್ನಾಗಲಿ ಎಲ್ಲರೆದುರು ಹಾಕುವುದು ಕಾನೂನು ಹೇಳಲಿ ಬಿಡಲಿ, ಅಸಭ್ಯ.

ಬೇರೆ ಸಾಧನಗಳ ವಿಚಾರ ಚುಟುಕಾಗಿ ಹೇಳಬಹುದು. ಟೆಲಿಗ್ರಾಂ ತಾಂತ್ರಿಕವಾಗಿ ಶಾಲೆಗೆ ಹೆಚ್ಚು ಅನುಕೂಲಕರ: ಹೊಸದಾಗಿ ಸೇರಿದವರೂ ಹಳೆಯ ಸಂದೇಶಗಳನ್ನು ನೋಡಬಹುದು, ಕಡತಗಳು ಫೋನಿನ ಜಾಗ ತಿನ್ನದೆ ಅವರ ಸರ್ವರ್‌ನಲ್ಲೇ ಉಳಿಯುತ್ತವೆ, ಸಂಖ್ಯೆ ತೋರಿಸದೆ ಇರಬಹುದು, ಸಂದೇಶವನ್ನು ಮೊದಲೇ ಬರೆದು ಸಮಯ ನಿಗದಿಪಡಿಸಬಹುದು, ರಸಪ್ರಶ್ನೆಯನ್ನೂ ನಡೆಸಬಹುದು. ಎಸ್‌ಎಸ್‌ಎಲ್‌ಸಿಯ ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ನೋಟ್ಸ್‌ಗಳ ಭಂಡಾರವಾಗಿ ಅದು ಚೆನ್ನ. ಆದರೆ ಅಲ್ಲಿನ ಗುಂಪುಗಳ ಸಂದೇಶಗಳಿಗೆ ವಾಟ್ಸ್‌ಆ್ಯಪ್‌ನ ಮಾದರಿಯ ಪೂರ್ಣ ಗೂಢಲಿಪೀಕರಣವಿಲ್ಲ, ಹುಡುಕು ಪಟ್ಟಿಯಲ್ಲಿ ಎರಡು ಅಕ್ಷರ ಒತ್ತಿದರೆ ಯಾವ ಯಾವುದೋ ಸಾರ್ವಜನಿಕ ಚಾನೆಲ್‌ಗಳು ಮಕ್ಕಳ ಮುಂದೆ ಬಂದು ನಿಲ್ಲುತ್ತವೆ, ಮುಖ್ಯವಾಗಿ ನಮ್ಮ ಪೋಷಕರ ಫೋನಿನಲ್ಲಿ ಅದು ಇಲ್ಲ. ಮನೆಗೆಲಸಕ್ಕೆ ಗೂಗಲ್ ಕ್ಲಾಸ್‌ರೂಮ್ ಎಲ್ಲಕ್ಕಿಂತ ಉತ್ತಮ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರತಿ ಮಗುವಿಗೂ ಒಂದು ಖಾತೆ, ಅದರ ಪಾಸ್‌ವರ್ಡ್, ಅದನ್ನು ತೆರೆಯಲು ಒಂದು ಫೋನ್ ಇವು ಮೂರೂ ಒಟ್ಟಿಗೆ ಕೂಡಿಬರುವ ಮನೆಗಳು ನಮ್ಮಲ್ಲಿ ಕಡಿಮೆ. ಖಾಸಗಿ ಶಾಲೆಗಳು ಹಣ ಕೊಟ್ಟು ತರಿಸಿಕೊಳ್ಳುವ ಶಾಲಾ ಆ್ಯಪ್‌ಗಳಲ್ಲಿ ಹಾಜರಾತಿ, ಶುಲ್ಕ, ಬಸ್ಸಿನ ಜಾಡು ಎಲ್ಲವೂ ಇರುತ್ತದೆ, ಆದರೂ ಆ ಶಾಲೆಗಳ ಪೋಷಕರು ತಮ್ಮದೇ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿರುವುದನ್ನು ನೋಡಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಶಾಲೆಯ ಖಾತೆ ತೆರೆದು ಮಕ್ಕಳ ನೃತ್ಯದ ರೀಲ್ಸ್ ಹಾಕುವ ಉತ್ಸಾಹ ಇತ್ತೀಚೆಗೆ ಹೆಚ್ಚಿದೆ. ಅದು ಸಂಪರ್ಕವಲ್ಲ, ಜಾಹೀರಾತು, ಅದಕ್ಕೆ ಮಕ್ಕಳ ಮುಖ ಬೇಕಿಲ್ಲ.

ಶಿಕ್ಷಕರ ಸಮಯದ ಬಗ್ಗೆಯೂ ಒಂದು ಮಾತು. ಕ್ಲಸ್ಟರಿನ ಗುಂಪು, ಬ್ಲಾಕಿನ ಗುಂಪು, ವಿಷಯವಾರು ಗುಂಪು, ತರಬೇತಿಯ ಗುಂಪು, ಸಂಘದ ಗುಂಪು ಎಂದು ಒಬ್ಬ ಶಿಕ್ಷಕನ ಫೋನಿನಲ್ಲಿ ಎಷ್ಟು ಗುಂಪುಗಳಿರುತ್ತವೆಯೆಂದರೆ ‘ಅರ್ಧ ಗಂಟೆಯೊಳಗೆ ಮಾಹಿತಿ ಭರ್ತಿ ಮಾಡಿ ಕಳಿಸಿ’ ಎಂಬ ಸಂದೇಶ ಪಾಠದ ನಡುವೆ ಬರುವುದು ಮಾಮೂಲಾಗಿದೆ. ಇದೇ ಅವಸರವನ್ನು ನಾವು ಪೋಷಕರಿಗೆ ವರ್ಗಾಯಿಸಬಾರದು. ಸಂಜೆ ಆರರಿಂದ ಎಂಟರೊಳಗೆ, ದಿನಕ್ಕೆ ಹೆಚ್ಚೆಂದರೆ ಎರಡು ಸಂದೇಶ ಎಂಬ ಮಿತಿಯನ್ನು ನಾವು ಹಾಕಿಕೊಂಡಿದ್ದೇವೆ; ಮಳೆಯ ರಜೆಗೆ ಮಾತ್ರ ವಿನಾಯಿತಿ. ಫೋನಿಲ್ಲದ ಮನೆಯ ಮಕ್ಕಳಿಗಾಗಿ ಅದೇ ಸೂಚನೆಯನ್ನು ಮರುದಿನ ಪ್ರಾರ್ಥನೆಯ ವೇಳೆ ಓದುತ್ತೇವೆ ಮತ್ತು ಡೈರಿಯಲ್ಲಿ ಬರೆಸುತ್ತೇವೆ. ಆ ಮಕ್ಕಳನ್ನು ಪ್ರತ್ಯೇಕವಾಗಿ ನಿಲ್ಲಿಸದೆ ಎಲ್ಲರಿಗೂ ಬರೆಸುವುದರಿಂದ ಯಾರ ಮನೆಯಲ್ಲಿ ಫೋನಿಲ್ಲ ಎಂಬುದು ತರಗತಿಗೆ ಗೊತ್ತಾಗುವುದಿಲ್ಲ.

ಇದನ್ನು ಅಳವಡಿಸಿಕೊಳ್ಳಲು ಹೊರಟ ಶಾಲೆಗಳಿಗೆ ಖರ್ಚೇನೂ ಇಲ್ಲ. ಆ್ಯಪ್ ಉಚಿತ. 2025ರಲ್ಲಿ ಘೋಷಿಸಿದ ಜಾಹೀರಾತುಗಳೂ ಸ್ಟೇಟಸ್ ಮತ್ತು ಚಾನೆಲ್‌ಗಳಿರುವ ಪುಟಕ್ಕೆ ಸೀಮಿತವೆಂದು ಕಂಪನಿ ಹೇಳಿದೆ, ಗುಂಪುಗಳಿಗೆ ಬರುವುದಿಲ್ಲ. ಸಾಧ್ಯವಾದರೆ ಶಾಲೆಯ ಹೆಸರಿನಲ್ಲೇ ಒಂದು ಸಿಮ್ ಪಡೆದು ಅದನ್ನು ಕಚೇರಿಯ ಫೋನಿನಲ್ಲಿಟ್ಟು, ಆ ಸಂಖ್ಯೆಯಿಂದ ಕಮ್ಯುನಿಟಿಯನ್ನು ರಚಿಸಿರಿ. ಶಿಕ್ಷಕರ ಸ್ವಂತ ಸಂಖ್ಯೆಯಿಂದ ಮಾಡಿದರೆ ವರ್ಗಾವಣೆಯ ನಂತರ ತಲೆನೋವು ಖಚಿತ. ಅಡ್ಮಿನ್‌ಗಳು ಕನಿಷ್ಠ ಇಬ್ಬರಿರಲಿ, ಅವರಲ್ಲಿ ಒಬ್ಬರು ಶಿಕ್ಷಕಿಯಾಗಿರಲಿ. ಸೇರುವ ಲಿಂಕನ್ನು ಹಂಚಬೇಡಿ, ಸಂಖ್ಯೆಗಳನ್ನು ಕೈಯಾರೆ ಸೇರಿಸಿ. ಹತ್ತನೇ ತರಗತಿಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದು, ವರ್ಗಾವಣೆ ಪ್ರಮಾಣಪತ್ರಗಳ ವಿತರಣೆ ಮುಗಿದ ಮೇಲೆ ಆ ತಂಡದ ಪೋಷಕರ ಸಂಖ್ಯೆಗಳನ್ನು ತೆಗೆದುಹಾಕುವುದನ್ನು ಮರೆಯಬೇಡಿ. ಮುಖ್ಯಶಿಕ್ಷಕರ ಕಾರ್ಯಸೂಚಿಯಲ್ಲಿ ಅದಕ್ಕೊಂದು ದಿನಾಂಕವನ್ನೇ ಬರೆದಿಡುವುದು ಒಳ್ಳೆಯದು.